ಐಕ್ಯೂ ನೋಡುವ ಮೊದಲು

ಆಸ್ಪತ್ರೆಯ ಮಕ್ಕಳ ಓಪಿಗೆ (ಹೊರರೋಗಿ ವಿಭಾಗಕ್ಕೆ) ಬರುವವರು ನನ್ನನ್ನು ಡಾಕ್ಟ್ರೇ ಅನ್ನುತ್ತಾರೆ. ನಾನು ಮಾತ್ರೆ ಬರೆಯುವ ಡಾಕ್ಟರಲ್ಲ. ಸೈಕಾಲಜಿಯಲ್ಲಿ ಎಂ.ಎ. ಮುಗಿಸಿ, ಕ್ಲಿನಿಕಲ್ ಸೈಕಾಲಜಿಯ ಎರಡು ವರ್ಷದ ಎಂ.ಫಿಲ್ ಮಾಡುತ್ತಿರುವ ಟ್ರೈನಿ. ನೋಡಿದ ಪ್ರತಿ ಮಗುವಿನ ವಿಷಯವನ್ನೂ ಗೈಡ್ ಮುಂದೆ ಇಡಬೇಕು, ರಿಪೋರ್ಟಿಗೆ ಅವರ ಸಹಿ ಬೀಳಬೇಕು. ಅದೇ ಒಳ್ಳೆಯದು ಬಿಡಿ.

"ಇವನಿಗೆ ಎಂತ ಹೇಳಿದ್ರೂ ತಲೆಗೆ ಹೋಗುದಿಲ್ಲ, ಐಕ್ಯೂ ಒಂದು ನೋಡಿ." ಹೆಚ್ಚಿನವರು ಕೇಳುವುದು ಇಷ್ಟೇ. ನೋಡೋಣ, ಅವಸರ ಯಾಕೆ? ಮೊದಲು ಹಳೇ ಕಥೆ ಬೇಕು. ಹುಟ್ಟಿದ ಕೂಡಲೇ ಅತ್ತಿತಾ, ನಡೆದದ್ದು ಯಾವಾಗ, ಮೊದಲ ಮಾತು ಯಾವಾಗ, ಫಿಟ್ಸ್ ಬಂದಿತ್ತಾ, ಕಿವಿ ಪರೀಕ್ಷೆ ಆಗಿದೆಯಾ. ಅಮ್ಮನಿಗೆ ಮರೆತದ್ದು ಅಜ್ಜಿಗೆ ನೆನಪಿರುತ್ತದೆ. ಅಜ್ಜಿಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಬಂದರೆ ನಾನೇ ಹೋಗಿ ಕರೆಯುತ್ತೇನೆ.

ಕಾಸರಗೋಡಿನಲ್ಲಿ ಇನ್ನೊಂದನ್ನು ಕೇಳದೆ ಬಿಡುವ ಹಾಗಿಲ್ಲ: ಮಗು ಜಗಳ ಆಡುವುದು ಯಾವ ಭಾಷೆಯಲ್ಲಿ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ. ಐಕ್ಯೂ ನೋಡಲು ನಾವು ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು. ದೊಡ್ಡ ಕೆಲಸವೇ. ಆದರೆ ಅದರಲ್ಲಿ ಮಾತಿನ ಪ್ರಶ್ನೆ ಜಾಸ್ತಿ. ಮನೆಯಲ್ಲಿ ತುಳು ಆಡುವ ಎರಡನೇ ಕ್ಲಾಸಿನ ಹುಡುಗ ಕನ್ನಡದ ಪ್ರಶ್ನೆಗೆ ಸುಮ್ನೆ ಕೂತರೆ, ಅವನಿಗೆ ಗೊತ್ತಾಗದ್ದು ಉತ್ತರವಾ, ಪ್ರಶ್ನೆಯಾ? ಅಂಕಿಯಲ್ಲಿ ಅದು ಕಾಣುವುದಿಲ್ಲ.

ಆಗ ಸೆಗ್ವಿನ್ ಫಾರ್ಮ್ ಬೋರ್ಡ್ ತೆಗೆಯುತ್ತೇನೆ. ಮರದ ಹಲಗೆ, ಹತ್ತು ಆಕಾರದ ತುಂಡುಗಳು, ಸ್ಟಾಪ್‌ವಾಚ್. ಮೂರು ಸಲ ಜೋಡಿಸಬೇಕು, ಬೇಗ ಮುಗಿಸಿದ ಸಲದ್ದೇ ಲೆಕ್ಕ. ನನ್ನ ಕಣ್ಣು ಮಾತ್ರ ಮಗುವಿನ ಕೈ ಮೇಲೆ. ನಕ್ಷತ್ರವನ್ನು ಮೂರು ಸಲವೂ ಕ್ರಾಸಿನ ಗುಂಡಿಗೆ ಒತ್ತಿ ತುರುಕುತ್ತದಾ, ಒಮ್ಮೆ ತಪ್ಪಿದ ಮೇಲೆ ಸರಿಯಾದ ಗುಂಡಿ ನೋಡಿಯೇ ಎತ್ತುತ್ತದಾ, ಪ್ರತಿ ತುಂಡಿಗೂ ಅಪ್ಪನ ಮುಖ ನೋಡುತ್ತದಾ? ಹಾಗಂತ ಇದೊಂದರಿಂದಲೇ ಬುದ್ಧಿ ಅಳೆದಾಯಿತು ಅನ್ನುವಂತಿಲ್ಲ.

ಇಲ್ಲಿನ ಎಣ್ಮಕಜೆ ಕಡೆಯವರು ಬಂದರೆ ಎಂಡೋಸಲ್ಫಾನ್ ಕೀಟನಾಶಕದ ಮಾತು ಬಂದೇ ಬರುತ್ತದೆ. 2000ದವರೆಗೂ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ ಊರು. ಮಗುವಿಗೆ ಹೀಗಾದದ್ದು ಅದರಿಂದಲೇ ಏನೋ ಅನ್ನುವ ಅವರ ಹೆದರಿಕೆಗೆ ಕಾರಣ ಇದೆ. ಆದರೂ ಕಾರಣ ಸಿಕ್ಕಿತು ಅಂತ ಫೈಲ್ ಮುಚ್ಚಿದರೆ ಆ ಮಗುವಿನ ಕಿವಿ ಪರೀಕ್ಷೆ ಹಾಗೇ ಬಾಕಿ ಉಳಿಯುತ್ತದೆ.

ಬರುವಾಗ ಮಗುವಿನ ನೋಟ್‌ಬುಕ್ ತನ್ನಿ. ಈ ವರ್ಷದ್ದೂ ಬೇಕು, ಕಳೆದ ವರ್ಷದ್ದೂ ಬೇಕು.