ಎದುರಾಳಿಯ ಇಂಗಿತ, ಎದುರಾಳಿಯ ಬಲ: ಚೀನಾ ಕುರಿತ ಚರ್ಚೆಗೆ ಒಂದು ಅಧ್ಯಯನ ಟಿಪ್ಪಣಿ

ಮಂಗಳೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಾವು ಏಳೆಂಟು ಮಂದಿ ಭಾನುವಾರಗಳಂದು ಒಟ್ಟುಗೂಡಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠವನ್ನು ಚರ್ಚಿಸುತ್ತೇವೆ. ಕಳೆದ ಎರಡು ವಾರ ನಮ್ಮ ಮುಂದಿದ್ದ ಪ್ರಶ್ನೆ ಇದು: ಹಿಮಾಲಯದ ಗಡಿಯಲ್ಲೂ ಹಿಂದೂ ಮಹಾಸಾಗರದಲ್ಲೂ ಚೀನಾಕ್ಕೆ ಬೇಕಾಗಿರುವುದೇನು, ಬೇಕಾದುದನ್ನು ಪಡೆಯುವ ಬಲ ಅದಕ್ಕೆ ಎಷ್ಟಿದೆ? ಮಾತು ಬಿಸಿಯೇರಿತೇ ಹೊರತು ಮುಂದೆ ಸಾಗಲಿಲ್ಲ. ಆಮೇಲೆ ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿದಾಗ ಕಾರಣ ಹೊಳೆಯಿತು. ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿ, ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುತ್ತಿದ್ದೆವು.

ಉದಾಹರಣೆಗೆ, ಶ್ರೀಲಂಕಾದ ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಯೊಂದು ಪಡೆದ ಸಂಗತಿ ಬಂದಾಗ ಗೆಳೆಯರೊಬ್ಬರು, 'ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?' ಎಂದರು. ಗಾದೆ ಸೊಗಸಾಗಿದೆ, ಎಲ್ಲರೂ ನಕ್ಕೆವು. ಆದರೆ ಗಾದೆಯ ಒಳಗಿನ ತರ್ಕವನ್ನು ಗಮನಿಸಿ: ಬರಲು ಸಾಧ್ಯವಾಗಿದೆ, ಆದ್ದರಿಂದ ಬರುವ ಮನಸ್ಸಿದೆ ಎನ್ನುವುದು ಅದರ ವಾದ, ಬಲವನ್ನು ಕಂಡು ಇಂಗಿತವನ್ನು ಊಹಿಸುವ ಈ ದಾರಿ ಕೆಲವೊಮ್ಮೆ ಸರಿಯಾದ ಊರಿಗೇ ಮುಟ್ಟಿಸುತ್ತದೆ, ಆದರೆ ತಪ್ಪಿದಾಗ ತಪ್ಪಿದೆವೆಂದು ತಿಳಿಯುವ ಯಾವ ಗುರುತನ್ನೂ ಅದು ಬಿಡುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಅವರಿಗೆ ಯುದ್ಧ ಬೇಕಿಲ್ಲ, ಆದ್ದರಿಂದ ಅವರ ಸಿದ್ಧತೆಯೂ ಅಷ್ಟಕ್ಕಷ್ಟೇ ಎಂದು ನಂಬುವುದು. 1962ರಲ್ಲಿ ನಮ್ಮ ದೇಶ ಬೆಲೆ ತೆತ್ತದ್ದು ಈ ಎರಡನೆಯ ತಪ್ಪಿಗೆ.

ಬಲವನ್ನು ಅಳೆಯುವ ಬಗೆ

ಅಂಕಿಗಳಿಂದಲೇ ಆರಂಭಿಸೋಣ, ಏಕೆಂದರೆ ಪರೀಕ್ಷೆಯಲ್ಲಿ ಅವು ಬೇಕು. 2025ರಲ್ಲಿ ಚೀನಾ ಪ್ರಕಟಿಸಿದ ರಕ್ಷಣಾ ಬಜೆಟ್ ಸುಮಾರು 1.78 ಲಕ್ಷ ಕೋಟಿ ಯುವಾನ್; ಭಾರತದ 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಡಾಲರಿಗೆ ಪರಿವರ್ತಿಸಿದರೆ ಚೀನಾದ್ದು ನಮ್ಮದರ ಸುಮಾರು ಮೂರು ಪಟ್ಟು, ಅದರಲ್ಲೂ ನಮ್ಮ ಮೊತ್ತದಲ್ಲಿ ಸುಮಾರು 1.6 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ 2024ರ ವರದಿಯ ಪ್ರಕಾರ ಚೀನಾದ ನೌಕಾಪಡೆಯಲ್ಲಿ ಹಡಗುಗಳೂ ಜಲಾಂತರ್ಗಾಮಿಗಳೂ ಸೇರಿ 370ಕ್ಕೂ ಹೆಚ್ಚು ನೌಕೆಗಳಿವೆ. ಇಷ್ಟನ್ನು ಬರೆದು ಅಡಿಗೆರೆ ಎಳೆದರೆ ಚರ್ಚೆ ಅಲ್ಲಿಗೇ ಮುಗಿದಂತೆ ತೋರುತ್ತದೆ.

ಅದು ಮುಗಿಯದಂತೆ ಮಾಡಿದವರು ಮಲ್ಪೆಯ ಮೀನುಗಾರ ಕುಟುಂಬದಿಂದ ಬಂದ ನಮ್ಮ ಗೆಳೆಯರು. ಅವರು ಹೇಳಿದ್ದು ಇಷ್ಟೆ: ಬೋಟಿನ ಇಂಜಿನ್ ಎಷ್ಟೇ ದೊಡ್ಡದಿರಲಿ, ಅಳಿವೆಯಲ್ಲಿ ಹೂಳು ತುಂಬಿ ನೀರಿಳಿದಿದ್ದರೆ ಅದು ಭರತಕ್ಕಾಗಿ ಕಾಯಲೇಬೇಕು. ಬಲವೆಂಬುದು ಒಟ್ಟು ಮೊತ್ತವಲ್ಲ, ಒಂದು ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ಹೊತ್ತಿಗೆ ತಲುಪುವ ಪಾಲು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯವೂ ನನಗೆ ವಿವರಿಸಿಲ್ಲ. ಹಿಂದೂ ಮಹಾಸಾಗರಕ್ಕೆ ಬರುವ ಚೀನಾದ ಹಡಗುಗಳಿಗೆ ಮಲಕ್ಕಾ ಜಲಸಂಧಿಯೇ ಅಳಿವೆ. ಸಿಂಗಾಪುರದ ಬಳಿ ಅದರ ಅತಿ ಕಿರಿದಾದ ಭಾಗ ಮೂರು ಕಿಲೋಮೀಟರಿಗಿಂತ ಕಡಿಮೆ ಅಗಲವಿದೆ. ಇಂಡೋನೇಷ್ಯಾದ ನಡುವಿನ ಬೇರೆ ಜಲಸಂಧಿಗಳು ಇವೆಯಾದರೂ ಅವು ಸುತ್ತುದಾರಿಗಳು. ಮಲಕ್ಕಾದ ಪಶ್ಚಿಮ ಬಾಯಿಗೆ ಎದುರಾಗಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿವೆ, ಅಲ್ಲಿ 2001ರಿಂದ ಭೂ, ನೌಕಾ, ವಾಯುಪಡೆಗಳ ಜಂಟಿ ಕಮಾಂಡ್ ಕಾರ್ಯನಿರ್ವಹಿಸುತ್ತಿದೆ. ಹಾಗಾಗಿ 370 ಎಂಬ ಸಂಖ್ಯೆ ತೈವಾನ್ ಜಲಸಂಧಿಯಲ್ಲಿ ಒಂದು ಅರ್ಥವನ್ನು ಕೊಟ್ಟರೆ ಅರಬ್ಬೀ ಸಮುದ್ರದಲ್ಲಿ ಬೇರೆಯೇ ಅರ್ಥವನ್ನು ಕೊಡುತ್ತದೆ.

ಗಡಿಯಲ್ಲಿ ಲೆಕ್ಕ ಇನ್ನೂ ಸಿಕ್ಕುಸಿಕ್ಕಾಗಿದೆ. ಟಿಬೆಟ್ ಪ್ರಸ್ಥಭೂಮಿಯ ರಸ್ತೆ, ರೈಲು ಜಾಲ ಚೀನಾದ ಸೈನ್ಯವನ್ನು ಬೇಗ ಗಡಿಗೆ ತರುತ್ತದೆ. ಆದರೆ ಅದೇ ಪ್ರಸ್ಥಭೂಮಿಯ ತೆಳುಗಾಳಿಯಲ್ಲಿ ಮೇಲೇರುವ ಯುದ್ಧವಿಮಾನ ಪೂರ್ತಿ ಇಂಧನವನ್ನೂ ಪೂರ್ತಿ ಶಸ್ತ್ರಗಳನ್ನೂ ಹೊರಲಾರದು, ಬಯಲುಸೀಮೆಯ ನೆಲೆಗಳಿಂದ ಹಾರುವ ಭಾರತದ ವಿಮಾನಗಳಿಗೆ ಆ ತೊಡಕಿಲ್ಲ. ನಾವು ಲಡಾಖ್‌ನಲ್ಲಿ 255 ಕಿಲೋಮೀಟರ್ ಉದ್ದದ ದರ್ಬುಕ್–ಶಯೋಕ್–ದೌಲತ್ ಬೇಗ್ ಓಲ್ಡಿ ರಸ್ತೆಯನ್ನು 2019ರಲ್ಲಿ ಮುಗಿಸಿದೆವು, 2020ರಲ್ಲಿ ಲಡಾಖ್‌ನತ್ತ ಹೋಗುವ ದಾರಿಯಲ್ಲಿ ಅಟಲ್ ಸುರಂಗ ತೆರೆದೆವು. ಭೂಗೋಳವನ್ನು ಬಿಟ್ಟು ಬಲವನ್ನು ಬರೆದ ಉತ್ತರಕ್ಕೆ ಅರ್ಧ ಅಂಕವೂ ಹೆಚ್ಚು ಎನ್ನುವುದು ನನ್ನ ಅಭಿಪ್ರಾಯ.

ಎರಡನೆಯ ಅಳತೆಗೋಲು ಕೌಟಿಲ್ಯನದು. ಅರ್ಥಶಾಸ್ತ್ರವು ರಾಜನ ಬಲವನ್ನು ಮೂರಾಗಿ ವಿಂಗಡಿಸುತ್ತದೆ: ಕೋಶ ಮತ್ತು ಸೈನ್ಯದಿಂದ ಬರುವ ಪ್ರಭುಶಕ್ತಿ, ಪರಾಕ್ರಮದ ಉತ್ಸಾಹಶಕ್ತಿ, ಆಲೋಚನೆ ಹಾಗೂ ತಿಳಿವಳಿಕೆಯ ಮಂತ್ರಶಕ್ತಿ, ಇವುಗಳಲ್ಲಿ ಮಂತ್ರಶಕ್ತಿಯೇ ಮೇಲು ಎಂಬುದು ಅವನ ನಿಲುವು. ನಮ್ಮ ಚರ್ಚೆಗಳು ಪ್ರಭುಶಕ್ತಿಯನ್ನು ಎಣಿಸಿ ಎದ್ದುಬಿಡುತ್ತವೆ. ಚೀನಾದ ಸೈನ್ಯ 1979ರಲ್ಲಿ ವಿಯೆಟ್ನಾಂ ಮೇಲೆ ನಡೆಸಿದ ಯುದ್ಧದ ನಂತರ ದೊಡ್ಡ ಯುದ್ಧವನ್ನು ಕಂಡಿಲ್ಲ. ರಕ್ಷಣಾ ಸಚಿವರಾಗಿದ್ದ ಲಿ ಶಾಂಗ್‌ಫು ಅವರನ್ನು 2023ರ ಅಕ್ಟೋಬರಿನಲ್ಲಿ ಹುದ್ದೆಯಿಂದ ತೆಗೆಯಲಾಯಿತು, 2024ರ ಜೂನ್‌ನಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಪಕ್ಷದಿಂದ ಉಚ್ಚಾಟಿಸಲಾಯಿತು. ನಮ್ಮಲ್ಲಿ ಒಬ್ಬರು ಇದನ್ನು ಸೈನ್ಯ ಒಳಗೇ ಕೊಳೆತಿದೆ ಎಂಬುದಕ್ಕೆ ಸಾಕ್ಷಿ ಎಂದರು, ಇನ್ನೊಬ್ಬರು ಕೊಳೆತದ್ದನ್ನು ಕತ್ತರಿಸಿ ತೆಗೆಯುತ್ತಿರುವುದಕ್ಕೆ ಸಾಕ್ಷಿ ಎಂದರು. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಸುದ್ದಿ. ಅನುಭವವಿಲ್ಲದಿರುವುದು ದೌರ್ಬಲ್ಯವೆಂದು ಬರೆಯಬಹುದು, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ.

ಮತ್ತೊಂದು ಅಂಶವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ: ಎದುರಾಳಿಯ ಶಸ್ತ್ರ ಎದುರಾಳಿಯ ಕೈಯಲ್ಲೇ ಇರಬೇಕಿಲ್ಲ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2020–24ರಲ್ಲಿ ಪಾಕಿಸ್ತಾನ ಆಮದು ಮಾಡಿಕೊಂಡ ಶಸ್ತ್ರಗಳಲ್ಲಿ ಶೇ. 81 ಚೀನಾದವು.

ಇಂಗಿತವನ್ನು ಓದುವ ಬಗೆ

ಇದು ಕಠಿಣ ಭಾಗ. ಬಲವನ್ನು ಉಪಗ್ರಹದಿಂದ ಎಣಿಸಬಹುದು, ಮನಸ್ಸನ್ನು ಎಣಿಸಲಾಗದು. ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಕರಾವಳಿಯೇ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಕಾಪು ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ನೆಲದಡಿಯ ಬಂಡೆಗವಿಗಳಲ್ಲಿ ಸಂಗ್ರಹಿಸಿಡುವ ವ್ಯವಸ್ಥೆಯಿದೆ, ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿದರೆ ಒಟ್ಟು 53.3 ಲಕ್ಷ ಟನ್. ನಮ್ಮೂರಿನವರಿಗೆ ಇದು ಪಶ್ಚಿಮ ಏಷ್ಯಾದಲ್ಲಿ ಏನಾದರೂ ಆಗಿ ತೈಲ ನಿಂತರೆ ಕೆಲದಿನ ತಳ್ಳುವುದಕ್ಕಾಗಿ ಮಾಡಿಕೊಂಡ ಏರ್ಪಾಡು. ಈಗ ಬೀಜಿಂಗ್‌ನಲ್ಲಿ ಕುಳಿತ ಒಬ್ಬ ವಿಶ್ಲೇಷಕನಾಗಿ ಯೋಚಿಸಿ. ತೈಲ ಬಚ್ಚಿಡುತ್ತಿದ್ದಾರೆ, ಕರಾವಳಿಯಲ್ಲೇ ಮೇಲಕ್ಕೆ ಹೋದರೆ ಕಾರವಾರದಲ್ಲಿ ಕದಂಬ ನೌಕಾನೆಲೆಯನ್ನು ಹಿಗ್ಗಿಸುತ್ತಿದ್ದಾರೆ, 2022ರಲ್ಲಿ ಕೊಚ್ಚಿಯಲ್ಲಿ ಸ್ವದೇಶಿ ವಿಮಾನವಾಹಕ ನೌಕೆ ವಿಕ್ರಾಂತವನ್ನು ಸೇವೆಗೆ ಸೇರಿಸಿದ್ದಾರೆ. ದೀರ್ಘ ಯುದ್ಧವೊಂದಕ್ಕೆ ತಯಾರಿ ಎಂದು ಅವನು ಬರೆದರೆ ಅವನ ಸಾಕ್ಷ್ಯದಲ್ಲಿ ಸುಳ್ಳೇನೂ ಇಲ್ಲ.

ಅದೇ ಕನ್ನಡಿಯನ್ನು ತಿರುಗಿಸಿ. ಚೀನಾ ಕೂಡ ತೈಲವನ್ನು ಸಂಗ್ರಹಿಸುತ್ತಿದೆ, ಏಕೆಂದರೆ ಅದು ಆಮದು ಮಾಡಿಕೊಳ್ಳುವ ತೈಲದ ಬಹುಪಾಲು ಮಲಕ್ಕಾ ದಾಟಿಯೇ ಬರಬೇಕು. 2003ರಲ್ಲೇ ಆಗಿನ ಚೀನಾ ಅಧ್ಯಕ್ಷ ಹು ಜಿಂಟಾವೊ ಈ ಅವಲಂಬನೆಯ ಬಗ್ಗೆ ಎಚ್ಚರಿಸಿದ್ದರು. ಏಡನ್ ಕೊಲ್ಲಿಯಲ್ಲಿ 2008ರ ಡಿಸೆಂಬರಿನಿಂದ ಕಡಲ್ಗಳ್ಳರ ವಿರುದ್ಧ ಕಾವಲು, 2017ರ ಆಗಸ್ಟ್‌ನಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ತೆರೆದ ಸೇನಾ ನೆಲೆ, ಪಾಕಿಸ್ತಾನದ ಗ್ವಾದರ್ ಬಂದರು, ಹಂಬನ್‌ತೋಟ, ಇವೆಲ್ಲವನ್ನೂ ದಾರಿ ಕಾಯುವ ಭಯದಿಂದಲೂ ವಿವರಿಸಬಹುದು, ನಮ್ಮನ್ನು ಸುತ್ತುವರಿಯುವ ಆಸೆಯಿಂದಲೂ ವಿವರಿಸಬಹುದು. ಒಬ್ಬನ ರಕ್ಷಣೆ ಇನ್ನೊಬ್ಬನಿಗೆ ಬೆದರಿಕೆಯಾಗಿ ಕಾಣುವ ಈ ಸ್ಥಿತಿಗೆ ಪಠ್ಯಗಳಲ್ಲಿ ಭದ್ರತಾ ಸಂದಿಗ್ಧ ಎಂಬ ಹೆಸರಿದೆ.

ಹಾಗಾದರೆ ಎಲ್ಲವೂ ನೋಡುವವನ ಕಣ್ಣಲ್ಲೇ ಇದೆಯೇ? ಇಲ್ಲ. ಮಂಗಳೂರಿನ ಬೋಳೂರಿನಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ, ಗುರುಪುರ ನದಿಯೊಳಗೆ ಶತ್ರುವಿನ ಹಡಗುಗಳು ನುಗ್ಗದಂತೆ ನೋಡಿಕೊಳ್ಳುವ ಬುರುಜು. ಅದು ತೋಪು ಹಾರಿಸಬಲ್ಲದು, ಆದರೆ ಎದ್ದು ಹೋಗಿ ಇನ್ನೊಬ್ಬರ ಊರಿಗೆ ಮುತ್ತಿಗೆ ಹಾಕಲಾರದು. ಪಾದೂರಿನ ತೈಲಗವಿ ತಾನಾಗಿ ಯಾರ ಮೇಲೂ ಏರಿಹೋಗದು. ಬಂದರಿನ ಧಕ್ಕೆಯ ಮಾತು ಬೇರೆ: ಅಲ್ಲಿ ಇಂದು ಕಂಟೇನರ್ ಹಡಗು ನಿಲ್ಲಬಹುದು, ನಾಳೆ ಜಲಾಂತರ್ಗಾಮಿ ನಿಲ್ಲಬಹುದು. 2014ರಲ್ಲಿ ಕೊಲಂಬೊದಲ್ಲಿ ಚೀನಾದ ಜಲಾಂತರ್ಗಾಮಿ ನಿಂತದ್ದೂ, 2022ರ ಆಗಸ್ಟ್‌ನಲ್ಲಿ ಉಪಗ್ರಹ ಮತ್ತು ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಚೀನಾದ ಹಡಗು ಯುವಾನ್ ವಾಂಗ್ 5 ಹಂಬನ್‌ತೋಟಕ್ಕೆ ಬಂದದ್ದೂ ದಾರಿ ಕಾಯುವ ಭಯವೊಂದರಿಂದಲೇ ವಿವರಿಸಲು ಕಷ್ಟವಾದ ಸಂಗತಿಗಳು. ಆದ್ದರಿಂದ ಒಂದು ಕೃತ್ಯ ಎದುರಾದಾಗ ನಾನು ಕೇಳಿಕೊಳ್ಳುವ ಪ್ರಶ್ನೆ: ಭಯ ಮಾತ್ರವೇ ಇದ್ದಿದ್ದರೆ ಇಷ್ಟು ಖರ್ಚು, ಇಷ್ಟು ನಿಷ್ಠುರ ಕಟ್ಟಿಕೊಳ್ಳುತ್ತಿದ್ದರೇ?

1962ನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಿದರೆ ಎರಡೂ ಕಡೆಯ ತಪ್ಪು ಕಾಣುತ್ತದೆ. 1959ರಲ್ಲಿ ದಲೈಲಾಮಾ ಅವರಿಗೆ ಆಶ್ರಯ ಕೊಟ್ಟದ್ದು, ಮುಂದೆ ನಮ್ಮದೇ ರಾಜ್ಯದ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ನೆಲೆಯೂರಿದ್ದು ನಮಗೆ ಮಾನವೀಯತೆ. ಬೀಜಿಂಗ್‌ಗೆ ಅದು ಟಿಬೆಟ್‌ನ ಮೇಲೆ ಭಾರತದ ಕಣ್ಣಿದೆ ಎಂಬುದರ ಸೂಚನೆಯಾಗಿ ಕಂಡಿತು. ಇತ್ತ ದೆಹಲಿ, ಮುನ್ನಡೆ ನೀತಿಯಡಿ ಚಿಕ್ಕ ಚಿಕ್ಕ ಠಾಣೆಗಳನ್ನು ಮುಂದೆ ಹಾಕಿದರೂ ಚೀನಾ ದೊಡ್ಡ ಯುದ್ಧಕ್ಕೆ ಇಳಿಯದು ಎಂದು ನಂಬಿತು. ಅಕ್ಟೋಬರ್ 20ರಂದು ದಾಳಿ ಆರಂಭವಾಯಿತು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಸಾರಿ, ಈಗಿನ ಅರುಣಾಚಲದಿಂದ ಹಿಂದೆ ಸರಿದು, ಲಡಾಖ್ ಬದಿಯ ಅಕ್ಸಾಯ್ ಚಿನ್ ಅನ್ನು ಉಳಿಸಿಕೊಂಡಿತು. ಯಾವುದನ್ನು ಬಿಟ್ಟರು, ಯಾವುದನ್ನು ಹಿಡಿದುಕೊಂಡರು ಎಂಬುದು ಅವರ ಯಾವ ಹೇಳಿಕೆಗಿಂತಲೂ ಹೆಚ್ಚು ಮಾತಾಡುತ್ತದೆ.

ನಮ್ಮ ಕೊನೆಯ ತಕರಾರು 2024ರ ಅಕ್ಟೋಬರ್ 21ರಂದು ಭಾರತ ಪ್ರಕಟಿಸಿದ ಒಪ್ಪಂದದ ಕುರಿತಾಗಿತ್ತು. 2020ರ ಜೂನ್ 15ರಂದು ಲಡಾಖ್‌ನ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಡೆದ ಮಾತುಕತೆಯ ಫಲವಾಗಿ ದೆಪ್ಸಾಂಗ್ ಮತ್ತು ದೆಮ್ಚೋಕ್‌ನಲ್ಲಿ ಗಸ್ತು ಮರಳಿ ಆರಂಭಿಸಲು ಇದು ದಾರಿ ಮಾಡಿತು. ಚೀನಾದ ಮನಸ್ಸು ಬದಲಾಗಿದೆಯೇ ಎಂದು ಗೆಳೆಯರು ಕೇಳಿದಾಗ ಮಲ್ಪೆಯವರು ಮತ್ತೆ ತಮ್ಮ ಅಳಿವೆಗೇ ಬಂದರು. ಮುಂಚೂಣಿಯ ಎದುರುಬದುರು ನಿಲುವಿನಿಂದ ಪಡೆಗಳು ಸರಿದದ್ದು ಒಂದು ವಿಷಯ. ಅವುಗಳ ಹಿಂದೆ ಜಮಾಯಿಸಿದ ಸೈನ್ಯ ಹಳೆಯ ನೆಲೆಗಳಿಗೆ ಹೋಗುವುದು ಇನ್ನೊಂದು ವಿಷಯ, ಅದು ಆ ಒಪ್ಪಂದದಲ್ಲಿ ಇತ್ಯರ್ಥವಾಗಿರಲಿಲ್ಲ. ಮುಂದಿನ ಭಾನುವಾರಕ್ಕೆ ಅವರು ನಮಗೆಲ್ಲ ಒಂದು ಭೂಪಟವನ್ನೂ ಒಂದು ಕೆಲಸವನ್ನೂ ಕೊಟ್ಟಿದ್ದಾರೆ: ಹಿಂದೆ ನಿಂತ ಆ ಸೈನ್ಯ ಮತ್ತೆ ಗಡಿಯಂಚಿಗೆ ಬರಲು ಯಾವ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕು, ನಮ್ಮ ಸೈನ್ಯಕ್ಕೆ ಎಷ್ಟು ಹೊತ್ತು ಬೇಕು ಎಂದು ಗುರುತು ಹಾಕಿಕೊಂಡು ಬರಬೇಕು.