ಪುಟ್ಟ ಮೈಗೆ ಉಸಿರು ಜಾಸ್ತಿ ಬೇಕು

"ಡಾಕ್ಟ್ರೇ, ಮಗು ನಿದ್ದೆಯಲ್ಲೂ ಇಷ್ಟು ಬೇಗ ಬೇಗ ಉಸಿರಾಡುತ್ತಲ್ಲ, ಏನಾದ್ರೂ ತೊಂದರೆನಾ?" ಹಸುಗೂಸಿನ ತಾಯಂದಿರು, ಅವರಿಗಿಂತ ಹೆಚ್ಚಾಗಿ ಅಜ್ಜಿಯಂದಿರು ಕೇಳುವ ಪ್ರಶ್ನೆ ಇದು. ನಾವು ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಆಗಷ್ಟೇ ಹುಟ್ಟಿದ ಮಗುವಿಗೆ 40, 50 ಸಹಜ. ಕಾರಣ ಅದರ ಗಾತ್ರ.

ಲೆಕ್ಕ ನೋಡಿ. 60 ಕಿಲೋ ತೂಗುವವರ ಚರ್ಮ ಹರಡಿದರೆ ಸುಮಾರು 1.6 ಚದರ ಮೀಟರ್. 3 ಕಿಲೋ ಮಗುವಿನದು ಸುಮಾರು 0.2. ಅಂದ್ರೆ ಮಗುವಿನ ತೂಕ ಇಪ್ಪತ್ತರಲ್ಲಿ ಒಂದು ಪಾಲು, ಚರ್ಮ ಮಾತ್ರ ಎಂಟರಲ್ಲಿ ಒಂದು ಪಾಲು. ಮೈಯ ಬಿಸಿ ಹೋಗುವುದು ಹೆಚ್ಚಾಗಿ ಚರ್ಮದಿಂದಲೇ ಅಲ್ವಾ? ಹಾಗಾಗಿ ಕೂಸು ಬೇಗ ತಣ್ಣಗಾಗುತ್ತದೆ, ಬೆಚ್ಚಗಿರಲು ಒಳಗೆ ಜಾಸ್ತಿ ಉರಿಸಬೇಕು, ಮೇಲಿಂದ ಬೆಳೆಯುವ ಕೆಲಸ ಬೇರೆ. ಒಂದು ಕಿಲೋ ತೂಕಕ್ಕೆ ನಮಗೆ ನಿಮಿಷಕ್ಕೆ 3–4 ಮಿಲಿಲೀಟರ್ ಆಮ್ಲಜನಕ ಸಾಕು, ಕೂಸಿಗೆ 6–8 ಬೇಕು. ಪ್ರಾಣಿಗಳಲ್ಲೂ ಹೀಗೆಯೇ: ಆನೆ ನಿಧಾನಕ್ಕೆ ಉಸಿರಾಡುತ್ತದೆ, ಇಲಿಯ ಪಕ್ಕೆ ಎಣಿಸಲಾಗದಷ್ಟು ಬೇಗ ಅಲ್ಲಾಡುತ್ತಿರುತ್ತದೆ.

ಒಂದೊಂದು ಉಸಿರನ್ನೂ ದೊಡ್ಡದಾಗಿ ಎಳೆದುಕೊಳ್ಳಬಹುದಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಕಿಲೋಗೆ ಹೋಲಿಸಿದರೆ ಒಂದು ಉಸಿರಿನ ಗಾಳಿ ನಮಗೂ ಮಗುವಿಗೂ ಹೆಚ್ಚುಕಡಿಮೆ ಒಂದೇ, 6–7 ಮಿಲಿಲೀಟರ್. ಮೂರು ಕಿಲೋ ಕೂಸಿಗೆ ಒಂದು ಉಸಿರಿಗೆ 20 ಮಿಲಿಲೀಟರ್ ಅಷ್ಟೇ. ಉಳಿಯುವುದು ಒಂದೇ ದಾರಿ, ಬೇಗ ಬೇಗ ಉಸಿರಾಡುವುದು. ಖರ್ಚು ಜಾಸ್ತಿ, ಶ್ವಾಸಕೋಶದಲ್ಲಿ ಕೂಡಿಟ್ಟ ಗಾಳಿ ಕಡಿಮೆ. ಉಸಿರು ನಿಂತರೆ ಮಗುವಿನ ರಕ್ತದಲ್ಲಿ ಆಮ್ಲಜನಕ ನಮಗಿಂತ ಬಹಳ ಬೇಗ ಇಳಿದುಬಿಡುತ್ತದೆ.

ಶೀತವಾದಾಗ ನಾವು ಯಾಕೆ ಅಷ್ಟು ಎಚ್ಚರ ಹೇಳುತ್ತೇವೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 4 ಮಿಲಿಮೀಟರ್ ಅಗಲದ ಗಾಳಿ ಕೊಳವೆಯ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ಉಳಿಯುವ ದಾರಿ 2 ಮಿಲಿಮೀಟರ್. ಅಗಲ ಅರ್ಧವಾದರೆ ಗಾಳಿ ಎಳೆಯುವ ಕಷ್ಟ 16 ಪಟ್ಟಾಗುತ್ತದೆ. ಅಷ್ಟೇ ಊತ ದೊಡ್ಡವರ ಗಂಟಲಿನಲ್ಲಾದರೆ ಸ್ವಲ್ಪ ಕಿರಿಕಿರಿ, ಅಷ್ಟೇ. ಎಳೆಕೂಸು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುವುದರಿಂದ ಮೂಗು ಕಟ್ಟಿದರೆ ಹಾಲು ಕುಡಿಯುವುದಕ್ಕೂ ತೊಂದರೆ.

ಮನೆಯಲ್ಲಿ ಎಣಿಸುವುದು ಕಷ್ಟವೇನಲ್ಲ. ಮಗು ಅಳದೆ, ಸಮಾಧಾನವಾಗಿ ಮಲಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಯಾಕಂದ್ರೆ ಎಳೆಮಗು ಒಂದಷ್ಟು ಸಲ ಬೇಗ ಉಸಿರಾಡಿ ಐದಾರು ಸೆಕೆಂಡ್ ಸುಮ್ನಾಗುವುದೂ ಸಹಜವೇ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ವಿಶ್ವ ಆರೋಗ್ಯ ಸಂಸ್ಥೆಯ ಈ ಗಡಿ ಮುಟ್ಟಿದರೆ ಅಥವಾ ದಾಟಿದರೆ ಮಗುವನ್ನು ತೋರಿಸಿ.

ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಾದರೆ ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿಡಿ. ಬಿಸಿ ಉಳಿದರೆ ಆಮ್ಲಜನಕದ ಖರ್ಚೂ ಉಳಿಯುತ್ತದೆ. ಇನ್ನು ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ ಎಣಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.