ಫಾರ್ಮ್ಯಾಟ್‌ಗೆ ಮೊದಲು: ವಿಂಡೋಸ್ ಕೀ ಹುಡುಕುವ ಬಗೆ

ಹಾರ್ಡ್‌ವೇರ್ ಕಲಿಯುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಕೀ ಎಂದರೆ ವಿಂಡೋಸ್ ಅಸಲಿ ಎಂದು ಖಚಿತಪಡಿಸಿ ಆಕ್ಟಿವೇಟ್ ಮಾಡಲು ಬೇಕಾದ 25 ಅಕ್ಷರಗಳ ಗುರುತು. ಹೋದ ವಾರ ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲ್ಲಾಲಿ ಅಂಗಡಿಯ ಗುಮಾಸ್ತರೊಬ್ಬರು ಲ್ಯಾಪ್‌ಟಾಪ್ ತಂದರು. ಹಾರ್ಡ್ ಡಿಸ್ಕ್ ಪೂರ್ತಿ ಸತ್ತಿತ್ತು.

"ಕೀ ಬರೆದಿಟ್ಟ ಚೀಟಿ ಕಳದೈತಿ ತಮ್ಮಾ, ಹೊಸದು ಕೊಳ್ಳಬೇಕೇನು?"

"ತಡೀರಿ ಅಣ್ಣಾ, ಮದರ್‌ಬೋರ್ಡ್‌ನಾಗ ಐತೇನು ನೋಡೋಣ."

ಇತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಹಾಕಿಯೇ ಮಾರುವ ಬ್ರ್ಯಾಂಡ್ ಯಂತ್ರಗಳ ಕೀಯನ್ನು ಕಂಪನಿಯವರು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಬೋರ್ಡಿನ ಚಿಪ್‌ನಲ್ಲಿರುವ ಮೂಲ ಸಾಫ್ಟ್‌ವೇರ್) ಬರೆದಿರುತ್ತಾರೆ. ಆ ಜಾಗದ ಹೆಸರು ಎಂಎಸ್‌ಡಿಎಂ ಟೇಬಲ್. ಡಿಸ್ಕ್ ಬದಲಿಸಿದರೂ ಫಾರ್ಮ್ಯಾಟ್ ಮಾಡಿದರೂ ಅದು ಅಳಿಯುವುದಿಲ್ಲ. ನಾವು ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಿ, ಸಿಸ್ಟಮ್ ಫರ್ಮ್‌ವೇರ್ ಫೋಲ್ಡರಿನ ಎಸಿಪಿಐ ಎಂಬ ಒಳಫೋಲ್ಡರಿನ ಟೇಬಲ್‌ಗಳಲ್ಲಿ ಎಂಎಸ್‌ಡಿಎಂ ಹೆಸರಿನ ಫೈಲನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದೆವು. ಕೊನೆಯಲ್ಲಿ 25 ಅಕ್ಷರಗಳು ಸ್ಪಷ್ಟವಾಗಿ ಕಂಡವು. ನಿಜ ಹೇಳಬೇಕೆಂದರೆ ಟೈಪ್ ಮಾಡುವ ಅಗತ್ಯವೇ ಬರಲಿಲ್ಲ; ಇನ್‌ಸ್ಟಾಲರ್ ತಾನೇ ಓದಿಕೊಳ್ಳುತ್ತದೆ. ಆದರೆ ಎಡಿಷನ್ ಹೊಂದಿಕೆಯಾಗಬೇಕು. ಹೋಮ್ ಕೀ ಇರುವ ಯಂತ್ರಕ್ಕೆ ಪ್ರೊ ಹಾಕಿದರೆ ಆಕ್ಟಿವೇಟ್ ಆಗದು.

ಆದ್ದರಿಂದ "ಕೀ ಎಲ್ಲಿ ಹೋಯಿತು" ಅನ್ನುವ ಮೊದಲು "ಈ ಲೈಸೆನ್ಸ್ ಯಾವ ಜಾತಿಯದು" ಎಂದು ಕೇಳಿ. ವಿಂಡೋಸ್ ಇನ್ನೂ ಓಡುತ್ತಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ (/) ಹಾಕಿ ಡಿಎಲ್‌ಐ ಸೇರಿಸಿ. ಓಇಎಂ (ಯಂತ್ರ ತಯಾರಿಸಿದ ಕಂಪನಿಯೇ ಹಾಕಿಕೊಟ್ಟದ್ದು) ಎಂದು ಬಂದರೆ ಯಂತ್ರಕ್ಕೆ ಅಂಟಿದ್ದು. ರೀಟೇಲ್ (ಬಿಡಿಯಾಗಿ ಕೊಂಡದ್ದು) ಬಂದರೆ ಬೇರೆ ಯಂತ್ರಕ್ಕೂ ಒಯ್ಯಬಹುದು. ವಾಲ್ಯೂಮ್ ಬಂದರೆ ಕಚೇರಿಯದೋ ಕಾಲೇಜಿನದೋ, ಅಲ್ಲಿನ ಐಟಿಯವರನ್ನೇ ಕೇಳಬೇಕು. ಇದೇ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರಗಳೂ ಸಿಗುತ್ತವೆ.

ಆ ಐದು ಅಕ್ಷರಗಳನ್ನು ಗಮನವಿಟ್ಟು ನೋಡಿ. ನಾನು ಮೊದಲು ಎಡವಿದ್ದು ಇಲ್ಲಿಯೇ. ಕೀ ಹುಡುಕುವ ಸಾಫ್ಟ್‌ವೇರ್ ರಿಜಿಸ್ಟ್ರಿಯಿಂದ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ತೆಗೆದುಕೊಟ್ಟ ಕೀ ಬರೆದುಕೊಂಡು ನಿಶ್ಚಿಂತನಾಗಿದ್ದೆ. ಅದು 3ವಿ66ಟಿ ಎಂದು ಮುಗಿಯುತ್ತಿತ್ತು. ಡಿಜಿಟಲ್ ಲೈಸೆನ್ಸ್ ಇರುವ ಪ್ರೊ ಯಂತ್ರಗಳಲ್ಲೆಲ್ಲ ಕಾಣುವ ಸಾಮಾನ್ಯ ಕೀ ಅದು, ಹೋಮ್‌ನಲ್ಲಿ 8ಎಚ್‌ವಿಎಕ್ಸ್7. ಅದರಿಂದ ಆಕ್ಟಿವೇಶನ್ ಆಗುವುದಿಲ್ಲ. ನಿಜವಾದ ಲೈಸೆನ್ಸ್ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಆ ಮದರ್‌ಬೋರ್ಡಿನ ಗುರುತಿಗೆ ಸೇರಿಕೊಂಡಿರುತ್ತದೆ. ಇಂಥ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡುವಾಗ "ನನ್ನಲ್ಲಿ ಕೀ ಇಲ್ಲ" ಎಂಬುದನ್ನೇ ಒತ್ತಿ, ಹಿಂದಿನ ಎಡಿಷನ್ ಆರಿಸಿ, ಇಂಟರ್‌ನೆಟ್ ಕೊಡಿ. ಮದರ್‌ಬೋರ್ಡ್ ಬದಲಿಸುವುದಿದ್ದರೆ ಮೊದಲೇ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಡಿ. 2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಈ ಸೌಲಭ್ಯವಿದೆ.

ವಿಂಡೋಸ್ 7ರ ಹಳೆಯ ಯಂತ್ರಗಳಿಗೆ ಸ್ಟಿಕ್ಕರೇ ಗತಿ. ಲ್ಯಾಪ್‌ಟಾಪ್‌ನಲ್ಲಿ ಅದು ತಳಭಾಗದಲ್ಲೋ ಬ್ಯಾಟರಿ ಗೂಡಿನೊಳಗೋ ಇರುತ್ತದೆ. ಸವೆದಿದ್ದರೆ ಈ ಲೆಕ್ಕ ನೆನಪಿಡಿ: ಕೀಯಲ್ಲಿ ಬಳಸುವುದು 24 ಗುರುತುಗಳನ್ನು ಮಾತ್ರ. ಇಂಗ್ಲಿಷಿನ ಸ್ವರಗಳು ಇಲ್ಲ, 0, 1, 5 ಇಲ್ಲ, ಎಲ್, ಎಸ್, ಝಡ್ ಕೂಡ ಇಲ್ಲ. ಸೊನ್ನೆಯಂತೆ ಕಂಡದ್ದು ಡಿ ಅಥವಾ ಕ್ಯೂ ಇರಬಹುದು. ಐದರಂತೆ ಕಂಡದ್ದು 6 ಇರಬಹುದು. ಎನ್ ಸೇರಿದ್ದು ವಿಂಡೋಸ್ 8ರಿಂದ. ಮೊಬೈಲ್‌ನಲ್ಲಿ ಓರೆ ಬೆಳಕು ಬಿಟ್ಟು ಫೋಟೊ ತೆಗೆದರೆ ಅಳಿಸಿದ ಅಕ್ಷರವೂ ಮೂಡಬಹುದು.

ಆಫೀಸ್‌ನ ಮಾತು ಬೇರೆ. 2013ರ ಆವೃತ್ತಿಯಿಂದ ಈಚೆಗೆ ಯಂತ್ರದಲ್ಲಿ ಕೀಯ ಕೊನೆಯ ಐದು ಅಕ್ಷರ ಮಾತ್ರ ಉಳಿಯುತ್ತದೆ. ಕೊಂಡ ಅಕೌಂಟನ್ನೇ ಹುಡುಕಬೇಕು.

ನಮ್ಮೂರಿನ ಅಂಗಡಿಗಳಲ್ಲಿ ವಿಂಡೋಸ್‌ಗಿಂತ ಹೆಚ್ಚು ಕಾಡುವುದು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ. ಫಾರ್ಮ್ಯಾಟ್‌ಗೆ ಮೊದಲು ಲೈಸೆನ್ಸ್ ಸರೆಂಡರ್ ಮಾಡಿಸಿ (ಆ ಯಂತ್ರದಿಂದ ಬಿಡಿಸಿ), ಡೇಟಾ ಫೋಲ್ಡರ್ ನಕಲಿಸಿಕೊಳ್ಳಿ. ಗುಮಾಸ್ತರ ಡಿಸ್ಕ್ ಸತ್ತಿದ್ದರಿಂದ ಸರೆಂಡರ್ ಸಾಧ್ಯವಿರಲಿಲ್ಲ. ಆಗ ಉಳಿಯುವ ದಾರಿ, ಖರೀದಿಗೆ ಕೊಟ್ಟ ಇಮೇಲ್‌ನಿಂದ ಟ್ಯಾಲಿ ಪೋರ್ಟಲ್‌ಗೆ ಹೋಗಿ ಲೈಸೆನ್ಸ್ ರೀಸೆಟ್ ಮಾಡುವುದು. ಆ ಇಮೇಲ್ ಸಾಹುಕಾರರ ಮಗನದಾಗಿತ್ತು. ಫೋನ್ ಮಾಡಿ ಅವರಿಂದಲೇ ಲಾಗಿನ್ ಮಾಡಿಸಿದೆವು.